ಹಲ್ಲಿನ ಕ್ಲಿನಿಕ್ಕಿನ ಇಬ್ಬರು ಕವಿಗಳು

ಆ ಅಮೆರಿಕದ ಕವಯಿತ್ರಿ ಹೆಸರು ಮಾಡುವ ಮೊದಲು ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದಳು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಅವಳು ದೊಡ್ಡ ಪ್ರೊಫೆಸರ್ ಆಗಿದ್ದರೆ, ಸಿರಿವಂತರ ಮಗಳಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅವಳೂ ನನ್ನ ಹಾಗೆಯೇ ಫೋನೆತ್ತಿದವಳು, ಕೆನ್ನೆ ಊದಿಸಿಕೊಂಡು ಬಂದವರಿಗೆ ಇನ್ನು ಐದೇ ನಿಮಿಷ ಎಂದು ಸುಳ್ಳು ಹೇಳಿದವಳು. ನಾನು ಇಲ್ಲಿ ಗಲ್ಫಿನಲ್ಲಿ, ಅಲ್ ಹಿಲಾಲ್‌ನ ಕ್ಲಿನಿಕ್ಕಿನಲ್ಲಿ ಈಗಲೂ ಅದೇ ಸುಳ್ಳು ಹೇಳಿಕೊಂಡಿದ್ದೇನೆ. ಅವಳು ಆ ಕುರ್ಚಿ ಬಿಟ್ಟೆದ್ದು ಎಷ್ಟೋ ಕಾಲವಾಯಿತು.

ಅವಳನ್ನು ಮನೆಗೆ ತಂದದ್ದು ನನ್ನ ಮಗಳು. ಹನ್ನೆರಡನೇ ಕ್ಲಾಸಿನ ಹುಡುಗಿ, ಇಂಗ್ಲಿಷ್ ಶಾಲೆ, ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನಲ್ಲಿ ಅವಳ ಮಂಚದ ಮೇಲ್ಗಡೆ ಗೋಡೆಯಲ್ಲಿ ಆ ಕವಯಿತ್ರಿಯ ಫೋಟೋ ಇದೆ. ಮಗಳು ಗೌರವದಿಂದ 'ಅವರು' ಎನ್ನುತ್ತಾಳೆ, ನಾನು ಬೇಕೆಂದೇ 'ಅವಳು' ಎನ್ನುತ್ತೇನೆ. ನನ್ನ ಎರಡು ಸಂಕಲನಗಳು ಅದೇ ಕೋಣೆಯ ಕಪಾಟಿನ ಮೇಲೆ, ಸೂಟ್‌ಕೇಸುಗಳ ಹಿಂದೆ ಇವೆ. ಮಗಳು ಅವನ್ನು ಬಿಡಿಸಿ ನೋಡಿದವಳಲ್ಲ.

ಹೊಟ್ಟೆಕಿಚ್ಚಿನವರು ಓದುವಷ್ಟು ಶ್ರದ್ಧೆಯಿಂದ ಅಭಿಮಾನಿಗಳೂ ಓದುವುದಿಲ್ಲ. ಕ್ಲಿನಿಕ್ಕಿನಲ್ಲಿ ಬಿಡುವಾದಾಗಲೆಲ್ಲ ಅವಳ ಸಂದರ್ಶನಗಳನ್ನು ಹುಡುಕಿ ನೋಡಿದೆ. ಅಪ್ಪ ಲಾರಿ ಡ್ರೈವರ್. ಮೊದಲ ಪುಸ್ತಕ ಸ್ವಂತ ಖರ್ಚಿನದು, ಅದನ್ನು ತರಕಾರಿ ಸಂತೆಯಲ್ಲಿ ಮೇಜು ಹಾಕಿ ಮಾರಿದ್ದಳಂತೆ. ಯಾರೋ ಪುಣ್ಯಾತ್ಮರು ಅದರಿಂದ ಒಂದು ಕವಿತೆಯನ್ನು ರೇಡಿಯೋದಲ್ಲಿ ಓದಿದರು, ಅಲ್ಲಿಗೆ ಅವಳ ಗ್ರಹಚಾರ ಬಿಟ್ಟಿತು. ಈಗ ಜನ ಟಿಕೆಟ್ ಕೊಂಡು ಅವಳ ಕವಿತೆ ಕೇಳುತ್ತಾರೆ, ಮದುವೆಯಲ್ಲೂ ಸಾವಿನ ಮನೆಯಲ್ಲೂ ಓದುತ್ತಾರೆ. ನಮ್ಮ ಕನ್ನಡ ಬಳಗದಲ್ಲಿ ಕವಿತೆ ಓದಿದವರಿಗೆ ನೆನಪಿನ ಕಾಣಿಕೆಯೆಂದು ಕಾಫಿ ಕಪ್ಪು ಕೊಡುತ್ತಾರೆ. ಅವಳ ಸಾಲುಗಳನ್ನು ಕಪ್ಪಿನ ಮೇಲೆಯೇ ಅಚ್ಚು ಹಾಕುತ್ತಾರೆ.

ಇಷ್ಟನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಅವಳಿಗೆ ಹೆಸರು ತಂದ ಆ ಕವಿತೆ ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾದು ಕುಳಿತವರ ಮೇಲಿನದು. ನಾನೂ ಅಂಥದ್ದೇ ಒಂದನ್ನು ಬರೆದಿದ್ದೆ, ಅವಳ ಹೆಸರೇ ಕೇಳಿರದಿದ್ದ ಕಾಲದಲ್ಲಿ. ಬಳಗದ ಕವಿಗೋಷ್ಠಿಯಲ್ಲಿ ಓದಿಯೂ ಇದ್ದೆ. ಗೋಷ್ಠಿಯನ್ನು ಯಾವಾಗಲೂ ಊಟಕ್ಕೆ ಮುಂಚೆ ಇಡುತ್ತಾರೆ. ಕೋರಿ ರೊಟ್ಟಿಯ ಪಾತ್ರೆಗಳ ಮುಚ್ಚಳ ತೆಗೆಯುವುದಕ್ಕೂ ನಾನು ಮೈಕಿನ ಮುಂದೆ ನಿಲ್ಲುವುದಕ್ಕೂ ಸರಿಹೋಗಿತ್ತು. ಸಿನಿಮಾ ಹಾಡು ಹೇಳಿದವರಿಗೆ ಒನ್ಸ್ ಮೋರ್ ಎಂದು ಕೂಗುವ ಜನ ನನಗೆ ಬೆನ್ನು ಹಾಕಿ ಪ್ಲೇಟು ಹಿಡಿದು ಸಾಲು ನಿಂತರು.

ಈ ವರ್ಷ ಸಮಿತಿಯವರು ಮಕ್ಕಳನ್ನೂ ಸೆಳೆಯಬೇಕೆಂದು ಗೋಷ್ಠಿಗೆ ವಿಶ್ವ ಕವಿತೆ ಎಂದು ಹೆಸರಿಟ್ಟರು. ಪ್ರತಿಯೊಬ್ಬರೂ ಒಂದೊಂದು ಅನುವಾದ ಓದಬೇಕು. ಮಗಳು ಕುಣಿದಾಡಿ, ಅಮೆರಿಕದವಳ ಕ್ಲಿನಿಕ್ಕಿನ ಕವಿತೆಯನ್ನೇ ಕನ್ನಡಕ್ಕೆ ಮಾಡೆಂದು ಹಿಂದೆ ಬಿದ್ದಳು. ನನಗೆ ಮೈಯೆಲ್ಲ ಉರಿಯಿತು. ನೋಡೋಣ ಎಂದಷ್ಟೇ ಹೇಳಿ ನನ್ನ ಹಳೆಯ ಕವಿತೆಯನ್ನೇ ತೆಗೆದಿಟ್ಟುಕೊಂಡೆ. ಇದು ಅನುವಾದವಲ್ಲ, ನನ್ನದು ಎಂದು ಮೈಕಿನಲ್ಲೇ ಹೇಳಿ, ಒಪ್ಪದಿದ್ದರೆ ಇಳಿದು ಬರುವುದೆಂದು ತೀರ್ಮಾನಿಸಿದ್ದೆ.

ಮದೀನತ್ ಖಲೀಫಾದ ಬಾಡಿಗೆ ಸಭಾಂಗಣದಲ್ಲಿ ಕಾರ್ಯಕ್ರಮ. ನಿರೂಪಕರು ಉಡುಪಿ ಕಡೆಯವರು, ನಮ್ಮ ಮನೆಗೆ ಬಂದುಹೋಗುವವರು, ಮಗಳ ಬಾಯಿಂದ ಅಮೆರಿಕದವಳ ಕಥೆ ಕೇಳಿದವರು. ನಾನು ಬರೆದುಕೊಟ್ಟ ಕವಿತೆಯ ಹೆಸರಿನಲ್ಲಿ ಹಲ್ಲಿನ ಕ್ಲಿನಿಕ್ ಎಂದಿದ್ದದ್ದೇ ಸಾಕಾಯಿತು ಅವರಿಗೆ. ಯಾರ ಕವಿತೆ ಎಂದು ನನ್ನನ್ನು ಕೇಳಲೂ ಇಲ್ಲ. ಲಾರಿ ಡ್ರೈವರ್ ಅಪ್ಪ, ತರಕಾರಿ ಸಂತೆ, ರೇಡಿಯೋ ಎಂದು ಅವಳ ಚರಿತ್ರೆಯನ್ನೆಲ್ಲ ಯಕ್ಷಗಾನದ ಅರ್ಥ ಹೇಳುವವರಂತೆ ಏರುದನಿಯಲ್ಲಿ ಹೇಳಿ, ಜಗತ್ತೇ ಮೆಚ್ಚಿದ ಆ ಕವಿತೆಯನ್ನು ನಮ್ಮವರೇ ಒಬ್ಬರು ಕನ್ನಡಕ್ಕೆ ತಂದಿದ್ದಾರೆ ಎಂದು ನನ್ನನ್ನು ಕರೆದರು.

ನಾನು ಅಲ್ಲ ಎನ್ನಲು ಬಾಯಿ ತೆರೆದೆ. ತೆರೆದವಳಿಗೆ ಎದುರಿನ ಸಭೆ ಕಂಡಿತು. ಯಾರೂ ಎದ್ದಿರಲಿಲ್ಲ. ಹಿಂದಿನ ಸಾಲಿನ ಗಂಡಸರೂ ಫೋನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಆ ಮೌನ ಅವಳ ಹೆಸರಿಗೆ ಸಿಕ್ಕಿದ್ದೆಂದು ಗೊತ್ತಿತ್ತು, ಆದರೂ ನನಗೆ ಅದು ಬೇಕಾಗಿತ್ತು. ಕವಿತೆ ಓದಿಬಿಟ್ಟೆ.

ನನ್ನಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಾಗಿನ ಕವಿತೆ ಅದು. ಹೊಸ ಹಲ್ಲುಸೆಟ್ಟಿನ ಅಳತೆಗೆಂದು ಕ್ಲಿನಿಕ್ಕಿಗೆ ಬಂದವಳು ಹಳೆಯ ಸೆಟ್ಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಈಜಿಪ್ಟಿನ ಒಬ್ಬರು ಮುದುಕಿ, ಅವರ ಹಲ್ಲುಸೆಟ್ಟು ಕರವಸ್ತ್ರದಲ್ಲಿ. ಇವಳಿಗೆ ತುಳು, ಅವರಿಗೆ ಅರಬ್ಬಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

ಓದಿ ಮುಗಿಸಿದಾಗ ಚಪ್ಪಾಳೆ ಬಿತ್ತು, ಹಿಂದೆಂದೂ ಬಿದ್ದಿರದಂಥ ಚಪ್ಪಾಳೆ. ಒಬ್ಬರು ಹೆಂಗಸು ಕಣ್ಣೊರೆಸಿಕೊಂಡರು. ನಿರೂಪಕರು ಹತ್ತಿರ ಬಂದು, "ಅನುವಾದ ಅಂತ ಗೊತ್ತೇ ಆಗುದಿಲ್ಲ ಮೇಡಂ, ನಮ್ಮೂರಿಂದೇ ಅಂತ ಕಾಣ್ತದೆ" ಎಂದರು. ಅವರ ಕೈಯಲ್ಲಿದ್ದ ಕಪ್ಪನ್ನು ಅವರ ತಲೆಗೇ ಕುಕ್ಕಬೇಕೆನಿಸಿತು. ನಕ್ಕು ತೆಗೆದುಕೊಂಡೆ. ಊಟದ ಸಾಲಿನಲ್ಲಿ ಸಿಕ್ಕವರೆಲ್ಲ ಅಮೆರಿಕದವಳನ್ನು ಹೊಗಳಿದರು, ನಾನು ತಲೆಯಾಡಿಸಿದೆ.

ವಾಪಸ್ಸು ಬರುವಾಗ ಕಾರಿನಲ್ಲಿ ಯಾವತ್ತೂ ಫೋನು ಹಿಡಿದೇ ಕೂರುವ ಮಗಳು ಅವತ್ತು ಅದನ್ನು ತೆಗೆಯಲೇ ಇಲ್ಲ. ನಮ್ಮ ಬಿಲ್ಡಿಂಗಿನ ಕೆಳಗೆ ಗಾಡಿ ನಿಲ್ಲಿಸುವವರೆಗೂ ಏನೋ ಯೋಚಿಸುತ್ತಿದ್ದಳು. ಆಮೇಲೆ ಕೇಳಿದಳು, "ಅಮ್ಮ, ಆ ಎರಡು ಅಜ್ಜಿ ಇಂಗ್ಲಿಷ್‌ನಲ್ಲಿ ಇಲ್ಲ ಅಲ್ವಾ? ನೀನು ಆ್ಯಡ್ ಮಾಡಿದ್ದಾ?"

"ಅದ್ರಲ್ಲಿ ಒಂದು ನಿನ್ನ ಅಜ್ಜಿ," ಎಂದೆ. "ಅದು ನಾನೇ ಬರ್ದದ್ದು. ನೀನಾಗ ಸಣ್ಣವಳು."

ಅವಳು ನನ್ನನ್ನೇ ನೋಡಿದಳು. ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡೆ, ಉತ್ತರವನ್ನೂ ಸಿದ್ಧ ಮಾಡಿಕೊಂಡೆ. ಅವಳು ಅದನ್ನು ಕೇಳಲಿಲ್ಲ. ಎ.ಸಿ.ಯ ಸದ್ದು ಕಡಿಮೆ ಮಾಡಿ, ಸೀಟಿನಲ್ಲಿ ನನ್ನ ಕಡೆಗೆ ತಿರುಗಿ ಕುಳಿತಳು.

"ಒನ್ಸ್ ಮೋರ್," ಎಂದಳು ಮೆಲ್ಲಗೆ.

ಕಾಗದ ಬೇಕಾಗಲಿಲ್ಲ, ಬಾಯಿಪಾಠವಿತ್ತು. ಕಾರಿನಲ್ಲೇ ಕುಳಿತು ಮೊದಲಿನಿಂದ ಕೊನೆಯವರೆಗೂ ಹೇಳಿದೆ.

ಮರುದಿನ ಕ್ಲಿನಿಕ್ಕಿನಲ್ಲಿ ಬಿಡುವು ಸಿಕ್ಕಿದ ಕೂಡಲೇ ಆ ಅಮೆರಿಕದವಳ ವಿಡಿಯೋಗಳನ್ನು ಮತ್ತೆ ಒಂದೊಂದಾಗಿ ಹಾಕಿ ನೋಡಿದೆ. ತುಂಬಿದ ಸಭಾಂಗಣಗಳು, ಎದ್ದು ನಿಂತ ಜನ, ಮುಗಿಯದ ಚಪ್ಪಾಳೆ. ಒನ್ಸ್ ಮೋರ್ ಮಾತ್ರ ಎಲ್ಲಿಯೂ ಕೇಳಿಸಲಿಲ್ಲ.