ಕೋಳಿ ನಡೆದರೆ ಕೈ ವಾಸಿ

ನಮ್ಮೂರಲ್ಲಿ ಮೂಳೆ ಮುರಿದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಕೂಡಿಸಿಕೊಳ್ಳುವುದಕ್ಕೆ ಮಾತ್ರ ಮಾರ್ತುನಿಸರ ಅಪ್ಪಣೆ ಬೇಕಿತ್ತು. ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಹಾರಿದವರು, ಹೆಂಡತಿ ನೂಕಿದ್ದನ್ನು ಜಾರಿಬಿದ್ದೆ ಎಂದು ಹೇಳಿಕೊಂಡವರು, ಎಲ್ಲರೂ ಅವರ ಜಗಲಿಗೇ ಬರಬೇಕು. ಹಿರಿಯರಿಗೆ ಸಲ್ಲುವ 'ಅಂಕು' ಎಂಬ ಹೆಸರನ್ನು ಊರು ಅವರಿಗೆ ತಲೆ ನರೆಯುವ ಮೊದಲೇ ಕೊಟ್ಟುಬಿಟ್ಟಿತ್ತು.

ಜಗಲಿಯ ಗೋಡೆಯ ಮೇಲೆ ಅಸ್ಥಿಪಂಜರದ ಚಿತ್ರವೊಂದಿತ್ತು. ಔಷಧಿ ಮಾರಲು ಬಂದವನೊಬ್ಬ ಬಿಟ್ಟುಹೋದದ್ದು. ಮಾರ್ತುನಿಸರ ವಿದ್ಯಾಭ್ಯಾಸವೆಲ್ಲ ಅದರಲ್ಲೇ ಮುಗಿದಿತ್ತು. ಭುಜ ಹಿಡಿದುಕೊಂಡು ಅಳುತ್ತಾ ಬಂದ ಹೆಂಗಸಿಗೆ, "ಇದು ಕ್ಲಾವಿಕುಲಾ ತಾಯೀ" ಎಂದರೆ ಸಾಕು, ಅರ್ಧ ನೋವು ಅಲ್ಲೇ ಇಳಿಯುತ್ತಿತ್ತು. ಉಳಿದರ್ಧ ಜೀವಮಾನವಿಡೀ ಅವಳ ಜೊತೆಗಿರುತ್ತಿತ್ತು. ತೋಳಿನ ಮೂಳೆ ಹ್ಯೂಮರಸ್, ಮುಂಗೈಯ ಎರಡು ಮೂಳೆಗಳು ರೇಡಿಯಸ್ ಮತ್ತು ಅಲ್ನಾ. ಇವೆರಡರಲ್ಲಿ ಯಾವುದು ಯಾವುದು ಎಂಬುದು ಮಾತ್ರ ದಿನಕ್ಕೊಂದು ತೆರನಾಗಿರುತ್ತಿತ್ತು.

ಚಿಕಿತ್ಸೆಯ ಪದ್ಧತಿ ಅಪ್ಪನ ಕಾಲದ್ದು. ರೋಗಿ ಒಂದು ಕೋಳಿ ತರಬೇಕು. ಅದರ ಕಾಲು ಮುರಿದು, ಅದಕ್ಕೂ ರೋಗಿಗೂ ಎಣ್ಣೆ ಹಚ್ಚಿ, ಬಿದಿರಿನ ಸೀಳು ಇಟ್ಟು ಕಟ್ಟುತ್ತಿದ್ದರು. ಕೋಳಿ ಎದ್ದು ನಡೆದ ದಿನ ರೋಗಿಯ ಕಟ್ಟು ಬಿಚ್ಚಬೇಕು. ಕೋಳಿಯ ಅಭಿಪ್ರಾಯ ಯಾರೂ ಕೇಳಿರಲಿಲ್ಲ. ಕೈ ಸೊಟ್ಟಗೆ ಕೂಡಿದರೆ, "ಕೋಳಿ ನೆಟ್ಟಗಾಯ್ತಲ್ಲ? ನೀನೇ ಪಥ್ಯ ಬಿಟ್ಟಿದ್ದೀಯ" ಎಂದರೆ ಮುಗಿಯಿತು.

ಹೀಗೇ ಸಾಗುತ್ತಿದ್ದಾಗ ಒಂದು ಬೆಳಿಗ್ಗೆ, ರೋಗಿಯೊಬ್ಬನ ಕೋಳಿ ತಪ್ಪಿಸಿಕೊಂಡು ಅಂಗಳಕ್ಕೆ ಓಡಿತು. ಹಿಂದೆಯೇ ಓಡಿದ ಮಾರ್ತುನಿಸರು ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಹತ್ತಿರ ಲಟಕ್ಕೆಂದದ್ದು ಕಾದು ಕುಳಿತವರಿಗೆಲ್ಲ ಕೇಳಿಸಿತು.

ಹೆಂಡತಿ ರೋಸ್ಮೈನಿ ಅವರನ್ನು ಒಳಗೆ ಕರೆದೊಯ್ದು ಕೂರಿಸಿ ಕೇಳಿದಳು, "ನಿಮಗೂ ಒಂದು ಕೋಳಿ ಹಿಡೀಲಾ?"

"ಮೆಲ್ಲಗೆ ಮಾತಾಡೇ! ಪಡಾಂಗಿಗೆ ಬಸ್ಸು ಎಷ್ಟೊತ್ತಿಗೆ?"

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲು ತನ್ನದೇ ಆದಾಗ ಆ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ತಂಗಿಯ ಮನೆಗೆಂದು ಹೊರಟವರು ನೇರ ಪಡಾಂಗ್ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋದರು. ಮೊಮ್ಮಗಳ ವಯಸ್ಸಿನ ಡಾಕ್ಟರು ಎಕ್ಸ್‌ರೇ ನೋಡಿ, "ರೇಡಿಯಸ್‌ನ ಕೆಳತುದಿ ಮುರಿದಿದೆ, ಅಂಕು. ನಾನು ಹೇಳೋವರೆಗೂ ಪ್ಲಾಸ್ಟರ್ ಬಿಚ್ಚಬಾರದು. ಮೊದಲೇ ಬಿಚ್ಚಿದ್ರೆ ಮೂಳೆ ಜಾರುತ್ತೆ, ಆಮೇಲೆ ಅಂಗೈ ಮೇಲಕ್ಕೆ ತಿರುಗೋದೇ ಇಲ್ಲ" ಎಂದಳು. ಮಾರ್ತುನಿಸರಿಗೆ ನಿಜಕ್ಕೂ ಹೆದರಿಕೆಯಾಯಿತು. ಅವರು ಉಂಡದ್ದು, ಉಟ್ಟದ್ದು, ಮೆರೆದದ್ದು ಎಲ್ಲ ಆ ಕೈಯಿಂದಲೇ.

ಊರಿಗೆ ಬಂದವರೇ ಪ್ಲಾಸ್ಟರಿನ ಮೇಲೆ ಬಿದಿರಿನ ಸೀಳು ಕಟ್ಟಿಸಿ, ಬಟ್ಟೆ ಸುತ್ತಿಸಿಕೊಂಡರು. ಊರು ನೋಡುತ್ತಿತ್ತಲ್ಲ, ಕೋಳಿಯೂ ಆಗಲೇಬೇಕಾಯಿತು. ರೋಸ್ಮೈನಿ ಹುಂಜವೊಂದರ ಕಾಲು ಮುರಿದು ಕಟ್ಟಿದಳು. ದುರದೃಷ್ಟಕ್ಕೆ ಅದು ಎಳೆಯ, ಗಟ್ಟಿಮುಟ್ಟಾದ ಹುಂಜ. ಪ್ಲಾಸ್ಟರ್ ಇನ್ನೂ ಹೊಸದಾಗಿರುವಾಗಲೇ ಅದು ಎದ್ದು, ಅಂಗಳ ದಾಟಿ, ಎದುರಿನ ಕಾಫಿ ಅಂಗಡಿಯವರೆಗೂ ನಡೆದುಹೋಯಿತು. ಊರಿನ ಗಂಡಸರೆಲ್ಲ ಡಾಮಿನೋ ಆಡುತ್ತಾ ಕೂರುವುದೇ ಅಲ್ಲಿ.

ಹುಂಜವನ್ನು ಎತ್ತಿಕೊಂಡು ಅಷ್ಟೂ ಜನ ಜಗಲಿಗೆ ಬಂದರು. ಮುಂದೆ ಜಾಸ್ರಿಲ್ ಇದ್ದ. ಅವನು ಊಟದ ಹೋಟೆಲಿನಲ್ಲಿ ಬಡಿಸುವವನಾಗಿದ್ದ. ಎಡ ಅಂಗೈಯಿಂದ ಭುಜದವರೆಗೂ ತಟ್ಟೆಗಳನ್ನು ಪೇರಿಸಿಕೊಂಡು, ಒಂದು ತೊಟ್ಟು ಸಾರು ಚೆಲ್ಲದೆ ನಡೆದುಬರುವುದನ್ನು ನೋಡಲೆಂದೇ ಜನ ಬರುತ್ತಿದ್ದರು. ಎರಡು ವರ್ಷದ ಹಿಂದೆ ಆ ಮುಂಗೈ ಮುರಿದು, ಮಾರ್ತುನಿಸರು ಕಟ್ಟಿ, ಕೋಳಿ ನಡೆದು, ಕಟ್ಟು ಬಿಚ್ಚಿ ಆಗಿತ್ತು. ಈಗ ಅದೇ ಹೋಟೆಲಿನ ಹಿಂದೆ ತಟ್ಟೆ ತೊಳೆಯುತ್ತಾನೆ.

"ಶುಭ ಸಮಾಚಾರ, ಅಂಕು! ಕೋಳಿ ನಡೀತು. ಬಿಚ್ಚೋಣವಾ?"

"ಇರ್ಲಿ ಬಿಡಪ್ಪಾ, ಇವತ್ತು ದಿನ ಚೆನ್ನಾಗಿಲ್ಲ."

"ಕೋಳಿಗೆ ಚೆನ್ನಾಗಿತ್ತಲ್ಲ?" ಎಂದನೊಬ್ಬ. ಎಲ್ಲರೂ ನಕ್ಕರು.

"ಇದು ರೇಡಿಯಸ್ ಕಣ್ರೋ, ಡಿಸ್ಟಲ್ ರೇಡಿಯಸ್. ನಿಮಗೆಲ್ಲ ಅರ್ಥ ಆಗಲ್ಲ."

"ನಮಗೆ ಆಗ್ದಿದ್ರೆ ಹೋಗ್ಲಿ, ಹುಂಜಕ್ಕೆ ಆಗಿದೆಯಲ್ಲ!"

ಜಾಸ್ರಿಲ್ ಪಕ್ಕದಲ್ಲಿ ಕೂತು ಸಹಾಯಕ್ಕೆಂಬಂತೆ ಬಟ್ಟೆ ಬಿಚ್ಚತೊಡಗಿದ. ಮಾರ್ತುನಿಸರು ಕೈ ಎಳೆದುಕೊಳ್ಳುವಷ್ಟರಲ್ಲಿ ಸೀಳುಗಳು ಕೆಳಗೆ ಬಿದ್ದವು. ಬೆಳ್ಳಗಿನ ಪ್ಲಾಸ್ಟರ್ ಹೊರಗೆ ಬಂತು. ಅದರ ಮೇಲೆ ಆಸ್ಪತ್ರೆಯವರು ಪೆನ್ನಿನಲ್ಲಿ ತಾರೀಕು ಬೇರೆ ಬರೆದಿದ್ದರು.

ನಗು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಆದರೆ ಜಾಸ್ರಿಲ್ ಸೀಳುಗಳನ್ನು ಪಕ್ಕಕ್ಕಿಟ್ಟು ಪ್ಲಾಸ್ಟರಿನ ಅಂಚಿಗೇ ಬೆರಳು ಹಾಕಿದ.

"ಬೇಡ್ವೋ!" ಮಾರ್ತುನಿಸರು ಕಿರುಚಿದರು. "ಈಗ್ಲೇ ಬಿಚ್ಚಿದ್ರೆ ಕೈ ತಿರುಗಲ್ಲ ಕಣೋ! ಕೋಳಿ ಮೂಳೆನೇ ಬೇರೆ, ಮನುಷ್ಯನ ಮೂಳೆನೇ ಬೇರೆ. ಕೋಳಿಗೇನು ಗೊತ್ತು?"

ಜಾಸ್ರಿಲ್ ತನ್ನ ಎಡಗೈ ಮುಂದೆ ಚಾಚಿ ಅಂಗೈಯನ್ನು ಮೇಲಕ್ಕೆ ತಿರುಗಿಸಲು ನೋಡಿದ. ಅದು ಅರ್ಧಕ್ಕೆ ನಿಂತಿತು. ಬಲಗೈಯಿಂದ ಒತ್ತಿದ, ಆದರೂ ಬರಲಿಲ್ಲ.

"ಹಾಗಾದ್ರೆ ನಂದ್ಯಾಕೆ ಬಿಚ್ಚಿದ್ರಿ, ಅಂಕು?"

ಮಾರ್ತುನಿಸರು ಅಪ್ಪನ ಹೆಸರು ಹೇಳೋಣವೆಂದುಕೊಂಡರು, ಪಥ್ಯದ ಮಾತೆತ್ತೋಣವೆಂದುಕೊಂಡರು. ಕಣ್ಣೆದುರು ಆ ಕೈ ಹಾಗೇ ಚಾಚಿತ್ತು.

"ನಂಗೆ ಗೊತ್ತಿರ್ಲಿಲ್ಲ ಕಣಪ್ಪಾ," ಎಂದರು ಕೊನೆಗೆ.

"ಗೊತ್ತಿಲ್ಲ ಅಂತ ಅವತ್ತೇ ಅಂದಿದ್ರೆ," ಜಾಸ್ರಿಲ್ ಏಳುತ್ತಾ ಹೇಳಿದ, "ನಾನೂ ಪಡಾಂಗ್ ಬಸ್ಸು ಹತ್ತುತ್ತಿದ್ದೆ."