ಹೊಸಬರಿಗೆ ಯಾವ ಎಣ್ಣೆ?

ಐವತ್ತೆಂಟನೆಯ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ‘ಹೊಸಬರು’ ಎಂದು ಕರೆದಾರು ಎಂದು ನಾನು ಎಣಿಸಿರಲಿಲ್ಲ. ನಮ್ಮ ಇಂಡಿ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ನಾನು ಹಳಬನಾಗಿ ಬಹಳ ಕಾಲವಾಯಿತು. ಬೀಡಿಯ ವಿಷಯದಲ್ಲಂತೂ ನನ್ನ ಸೇವಾ ಹಿರಿತನವನ್ನು ಪ್ರಶ್ನಿಸುವ ಧೈರ್ಯ ಇಡೀ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ. ಅಂಥ ನನ್ನನ್ನು ಒಂದು ಮೊಬೈಲ್ ಪರದೆ, ನೀವು ಹೊಸಬರಾದರೆ ಹೆದರಬೇಡಿ, ಇಲ್ಲಿಂದ ಶುರು ಮಾಡಿ ಎಂದು ಇಂಗ್ಲಿಷಿನಲ್ಲಿ ಬೆನ್ನು ತಟ್ಟಿತು. ಹುಟ್ಟಿದಂದಿನಿಂದ ಇಷ್ಟು ಮರ್ಯಾದೆಯಿಂದ ನನಗೆ ಯಾರೂ ಚಟ ಕಲಿಸಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಆಗ ಆಕೆಗೆ ಇಪ್ಪತ್ತೆರಡು ದಿನ. ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಮಗಳು ಶಿವಲೀಲಾ ಬಾಣಂತನಕ್ಕೆ ಬಂದಿದ್ದಳು. ಐದನೆಯ ತಿಂಗಳಿಗೆ ಅವಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಬೇಕು. ಅಷ್ಟರೊಳಗೆ ಕೂಸನ್ನು ಮನಸಾರೆ ಎತ್ತಿ ಆಡಿಸಬೇಕೆಂಬುದು ನನ್ನ ಆಸೆ. ಒಂದು ದಿನ ಹಿತ್ತಲಲ್ಲಿ ಬೀಡಿ ಮುಗಿಸಿ, ಮೀಸೆ ಒರೆಸಿಕೊಂಡು, ಬಹಳ ಸಭ್ಯನಂತೆ ಕೈ ಚಾಚಿದೆ. ಮಗಳು ಕೂಸನ್ನು ಆಚೆಯ ಮಗ್ಗುಲಿಗೆ ಸರಿಸಿಕೊಂಡಳು.

“ಅಪ್ಪಾ, ಸಿಟ್ಟಾಗಬ್ಯಾಡ್ರಿ. ಬೀಡಿ ಬಿಡೂತನಕಾ ಕೂಸಿನ್ನ ನಿಮ್ಮ ಕೈಯಾಗ ಕೊಡಂಗಿಲ್ಲ.”

ಸಿಟ್ಟೇನೂ ಬರಲಿಲ್ಲ. ಆದರೆ ನನ್ನ ಮನೆಯಲ್ಲೇ, ನನ್ನ ಮೊಮ್ಮಗಳ ಮುಂದೆಯೇ, ಖಾಲಿ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಳ್ಳುವುದು ಸಣ್ಣ ಅವಮಾನವಲ್ಲ. ಆ ದುಃಖವನ್ನು ಮರೆಯಲು ಮತ್ತೆ ಹಿತ್ತಲಿಗೆ ಹೋದೆ. ಅಲ್ಲಿ ಏನು ಮಾಡಿದೆನೆಂದು ಹೇಳಬೇಕಾಗಿಲ್ಲ.

ಈ ಸಂಕಟದಲ್ಲಿ ನನ್ನ ಉದ್ಧಾರಕ್ಕೆ ನಿಂತವನು ಹೆಂಡತಿಯ ತಮ್ಮ ಶರಣು. ದುಬೈಯಲ್ಲಿ ಎರಡು ವರ್ಷ ಎ.ಸಿ. ರಿಪೇರಿ ಮಾಡಿ ಬಂದು ಈಗ ಸಿಂದಗಿಯಲ್ಲಿ ಅದನ್ನೇ ಮಾಡಿಕೊಂಡಿದ್ದಾನೆ. ದುಬೈಗೆ ಹೋಗಿ ಬಂದವರಿಗೆ ಎಲ್ಲವೂ ಗೊತ್ತಿರುತ್ತದೆ. ಅಲ್ಲಿದ್ದಾಗ ತಿಳಿಯದೆ ಉಳಿದದ್ದು ಕೂಡ ಇಲ್ಲಿಗೆ ಬಂದ ಮೇಲೆ ತಿಳಿದುಬಿಡುತ್ತದೆ.

“ಮಾಮಾ, ಈಗಿನ ಕಾಲದಾಗ ಬೀಡಿ ಯಾರ ಸೇದತಾರ್ರಿ? ವೇಪ್ ತಗೋರಿ. ಹೊಗಿ ಇಲ್ಲ, ಬರೇ ಉಗಿ. ವಾಸನಿ ನೋಡಿದ್ರ ಹಣ್ಣಿಂದು. ನನ್ನ ದೋಸ್ತ ಮುಂದಿನ ತಿಂಗಳ ದುಬೈಯಿಂದ ಬರಾಕತ್ತಾನ, ತರಸ್ತೇನಿ. ಎಣ್ಣಿ ಯಾವ್ದಂತ ನೀವ ಆರಿಸಿ ಹೇಳ್ರಿ.”

ಪೆನ್ನಿನಂಥ ಒಂದು ಯಂತ್ರ, ಅದರ ಹೊಟ್ಟೆಯಲ್ಲಿ ಸ್ವಲ್ಪ ದ್ರವ, ಅದು ಕಾದು ಉಗಿಯಾಗಿ ಬಾಯಿಗೆ ಬರುತ್ತದೆಯಂತೆ. ಆ ದ್ರವಕ್ಕೆ ಶರಣು ಇಟ್ಟ ಹೆಸರು ಎಣ್ಣೆ. ಹೊಸಬರು ಅದನ್ನು ಆರಿಸುವುದು ಹೇಗೆಂಬ ಮಾರ್ಗದರ್ಶಿಯೊಂದನ್ನೂ ನನ್ನ ಮೊಬೈಲಿಗೆ ಕಳಿಸಿದ. ಪಿಂಚಣಿ ಕಾಗದಗಳನ್ನೇ ಸರಿಯಾಗಿ ಓದದ ನಾನು ಅದನ್ನು ಅಡಿಗೆರೆ ಹಾಕುವಷ್ಟು ಶ್ರದ್ಧೆಯಿಂದ ಓದಿದೆ.

ಮೊದಲು ಅಡ್ಡ ಬಂದದ್ದು ನನ್ನ ವೃತ್ತಿ. ಕನ್ನಡದಲ್ಲಿ ನಾವು ಬೀಡಿಯನ್ನೂ ಸೇದುತ್ತೇವೆ, ಬಾವಿಯ ನೀರನ್ನೂ ಸೇದುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಒಂದರಿಂದ ಕೊಡ ತುಂಬುತ್ತದೆ, ಇನ್ನೊಂದರಿಂದ ಎದೆ ತುಂಬುತ್ತದೆ ಎಂದು ನಾನು ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸಿದ್ದುಂಟು. ಆದರೆ ಉಗಿಯನ್ನು ಏನು ಮಾಡುವುದು? ಹೀರುವುದೆ, ಎಳೆಯುವುದೆ? ಇನ್ನು ‘ವೇಪ್’ ಎಂಬ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ಸಂಸ್ಕೃತದ ‘ವೇಪಥು’ ನೆನಪಾಗುತ್ತಿತ್ತು. ವೇಪಥು ಎಂದರೆ ನಡುಕ. ಎರಡಕ್ಕೂ ಯಾವ ಸಂಬಂಧವೂ ಇಲ್ಲವೆಂದು ಗೊತ್ತಿದ್ದರೂ, ಇಷ್ಟು ಪ್ರಾಮಾಣಿಕವಾದ ಹೆಸರನ್ನು ಯಾವ ಕಂಪನಿಯೂ ತನ್ನ ಸರಕಿಗೆ ಬೇಕೆಂದೇ ಇಟ್ಟಿರಲಾರದು ಅನಿಸಿತು.

ಆಮೇಲೆ ಸ್ವಾದದ ಪ್ರಶ್ನೆ. ಬೀಡಿಯಲ್ಲಿ ಈ ತಾಪತ್ರಯವಿಲ್ಲ, ಬೀಡಿಗೆ ಬೀಡಿಯ ಸ್ವಾದವೇ ಇರುತ್ತದೆ. ಇಲ್ಲಿ ಬೆಣ್ಣೆ ಬಿಸ್ಕೀಟು, ಮಂಜಿನ ಕಲ್ಲಂಗಡಿ, ಕರಿದ್ರಾಕ್ಷಿ, ಕಾಫಿ, ಡ್ರ್ಯಾಗನ್ನಿನ ಉಸಿರು. ಡ್ರ್ಯಾಗನ್ನಿನ ಬಾಯಿಯ ಹತ್ತಿರ ಹೋಗಿ ಮೂಸಿ ನೋಡಿ ಬಂದ ಆ ಪುಣ್ಯಾತ್ಮ ಯಾರೋ! ನಾನು ಮಾತ್ರ ಕಣ್ಣು ಮುಚ್ಚಿ ಲಿಂಬೆ ಎಂದೆ. ಲಿಂಬೆಗೆ ಹೆಸರಾದ ಇಂಡಿಯಲ್ಲಿ ಇದ್ದುಕೊಂಡು ಅದನ್ನು ಬಿಟ್ಟು ಬೇರೆ ಹಣ್ಣು ಆರಿಸಿದರೆ ಊರವರು ಮುಖ ನೋಡುತ್ತಾರೆಯೆ? ಇದರಲ್ಲಿ ಇನ್ನೊಂದು ಉಪಾಯವೂ ಇತ್ತು. ಈ ಊರಲ್ಲಿ ಅಂಗಡಿ, ಚೀಲ, ಟೆಂಪೊ ಎಲ್ಲವೂ ಲಿಂಬೆ ನಾರುತ್ತವೆ. ನಾನೊಬ್ಬ ನಾರಿದರೆ ಮಗಳಿಗೆ ತಿಳಿಯುವುದಿಲ್ಲ.

ಆದರೆ ಮಾರ್ಗದರ್ಶಿ ಒಪ್ಪಲಿಲ್ಲ. ಲಿಂಬೆಯ ಜಾತಿಯ ಸ್ವಾದಗಳು ಎಣ್ಣೆ ತುಂಬುವ ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನು ಸೀಳಿಬಿಡುತ್ತವೆ, ಆದ್ದರಿಂದ ಹೊಸಬರು ಜಾಗ್ರತೆ ವಹಿಸಬೇಕು ಎಂದಿತ್ತು. ಡಬ್ಬಿಯ ಆರೋಗ್ಯದ ಬಗ್ಗೆ ಎಂಥ ಕಳಕಳಿ! ಪ್ಲಾಸ್ಟಿಕ್ಕನ್ನು ಸೀಳುವಂಥದ್ದು ನನ್ನ ಎದೆಗೂಡಿನಲ್ಲಿ ಏನು ಮಾಡೀತು ಎಂಬುದನ್ನು ಬರೆಯಲು ಪಾಪ ಅವರಿಗೆ ಜಾಗ ಸಾಲದಾಗಿತ್ತು. ದ್ರವದಲ್ಲಿಯೂ ಎರಡು ಬಗೆಯಂತೆ. ತೆಳುವಾದದ್ದು ಗಂಟಲಿಗೆ ಹೊಡೆಯುತ್ತದೆ, ಮಂದವಾದದ್ದು ಬಾಯಿಂದ ದೊಡ್ಡ ಮೋಡ ಎಬ್ಬಿಸುತ್ತದೆ. ನಮ್ಮ ಕಡೆ ಮೋಡ ಬಂದರೆ ಜನ ಉಣ್ಣುವುದನ್ನು ಬಿಟ್ಟು ಅಂಗಳಕ್ಕೆ ಬಂದು ನೋಡುತ್ತಾರೆ. ಸ್ಟಾಫ್ ರೂಮಿನಲ್ಲಿ ಕೂತು ನಾನೇ ಮೋಡ ಬಿಟ್ಟರೆ ಆಗುವ ಗೌರವವನ್ನು ಊಹಿಸಿಕೊಂಡು ಒಂದು ಗಳಿಗೆ ಸುಖಪಟ್ಟೆ.

ಕೊನೆಯದು ಖಾರದ ಪ್ರಶ್ನೆ, ಎಂದರೆ ಅದರಲ್ಲಿ ತಂಬಾಕಿನ ಸತ್ವ ಎಷ್ಟಿರಬೇಕು ಎಂಬುದು. ಸೊನ್ನೆಯಿಂದ ಹಿಡಿದು ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇದೆ. ದಿನಕ್ಕೆ ಎಷ್ಟು ಸೇದುತ್ತೀರಿ ಎಂಬುದಕ್ಕೆ ಉತ್ತರ ಕೊಟ್ಟರೆ ನಿಮ್ಮ ಮೆಟ್ಟಿಲನ್ನು ಅದೇ ಹೇಳುತ್ತದೆ. ಸುತ್ತಲೂ ಯಾರೂ ಇರಲಿಲ್ಲ. ಕೇಳುತ್ತಿದ್ದದ್ದು ಒಂದು ಯಂತ್ರ. ಆದರೂ ನಾನು ಆರು ಎಂದು ಬರೆದೆ. ದಿನಕ್ಕೊಂದು ಕಟ್ಟು ಮುಗಿಸುವವನು, ಡಾಕ್ಟರರಿಗೆ ಹೇಳುವ ಸುಳ್ಳನ್ನೇ ಮೊಬೈಲಿಗೂ ಹೇಳಿದೆ. ಅದು ನಂಬಿ, ಆರು ಬೀಡಿ ಸೇದುವ ಆ ಸಜ್ಜನನಿಗೆ ಬೇಕಾದ ಸೌಮ್ಯವಾದ ಎಣ್ಣೆಯನ್ನು ಸೂಚಿಸಿತು. ಆ ಮನುಷ್ಯ ನಮ್ಮ ಮನೆಯಲ್ಲಿ ಇರಲಿಲ್ಲ ಎಂಬುದೊಂದೇ ತೊಂದರೆ.

ಹೀಗೆ ಹದಿನೈದು ದಿನ ಆರಿಸುವುದರಲ್ಲೇ ಕಳೆಯಿತು. ಆರಿಸುವುದು ದಣಿವಿನ ಕೆಲಸ, ದಣಿದಾಗ ಬೀಡಿ ಬೇಕು. ಬೀಡಿ ಬಿಡುವ ಸಿದ್ಧತೆಗಾಗಿ ನಾನು ಸೇದಿದಷ್ಟು ಬೀಡಿಯನ್ನು ಬಾಗೇವಾಡಿಗೆ ವರ್ಗವಾಗಿ ಒಬ್ಬನೇ ಕೋಣೆ ಮಾಡಿಕೊಂಡಿದ್ದ ದಿನಗಳಲ್ಲೂ ಸೇದಿರಲಿಲ್ಲ.

ಹದಿನಾರನೆಯ ದಿನ ಬೆಳಿಗ್ಗೆ ನಾನು ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ನಿಂತಿದ್ದಾಗ ಶರಣುವಿನ ಫೋನು ಬಂತು. ಹೆಂಡತಿ ಮಹಾದೇವಿ ಅದನ್ನು ಎತ್ತಿ, ಕೈಗೆ ಹಿಟ್ಟು ಮೆತ್ತಿದ್ದರಿಂದ ಸ್ಪೀಕರಿಗೆ ಹಾಕಿದಳು.

“ಮಾಮಾ, ಎಣ್ಣಿ ಯಾವ್ದಂತ ನಿಕ್ಕಿ ಆತೇನ್ರಿ?”

“ಕುಸುಬಿ ಎಣ್ಣಿನ ತಾರಪಾ,” ಎಂದಳು ಮಹಾದೇವಿ. “ಐದ ಲೀಟರ್ ತಾ. ಬಾಣಂತಿ ಇರೂ ಮನಿ, ಭಾಳ ಹತ್ತತೈತಿ.”

“ಏ ಅಕ್ಕಾ, ಅದಲ್ಲಬೇ, ಮಾಮಾನ ಎಣ್ಣಿ! ಹೊಸದಾಗಿ ಸುರು ಮಾಡಾವ್ರಿಗೆ ಮೂವತ್ತ ಎಮ್ಮೆಲ್ ಸಾಕು. ಮೊದಲನೇ ಸಲ, ಸ್ಟ್ರಾಂಗ್ ಬ್ಯಾಡಂತ ಹೇಳು. ಗಂಟಲಿಗೆ ಹೊಡೀತೈತಿ.”

ನಾನು ಕ್ಷೌರದ ಕತ್ತಿ ಹಿಡಿದುಕೊಂಡೇ ಓಡಿ ಬಂದೆ. ತಡವಾಗಿತ್ತು. ಎಣ್ಣೆ ಎಂಬ ಶಬ್ದಕ್ಕೆ ಅಡುಗೆಮನೆಯಲ್ಲಿ ಒಂದು ಅರ್ಥ, ಬಾರಿನಲ್ಲಿ ಇನ್ನೊಂದು. ಮೂವತ್ತು ಎಮ್ಮೆಲ್ ಎಂಬ ಅಳತೆಗಂತೂ ನಮ್ಮ ನಾಡಿನಲ್ಲಿ ಒಂದೇ ಅರ್ಥ. ಇಷ್ಟು ವರ್ಷ ನಾನಾರ್ಥ ಪದಗಳ ಪಾಠ ಮಾಡಿದವನ ಮನೆಯಲ್ಲಿ ಇದು ನಡೆಯಬೇಕಾಗಿದ್ದೇ ಸೈ. ಮಹಾದೇವಿ ಕೂಗಾಡಲಿಲ್ಲ. ಕೈ ತೊಳೆದುಕೊಂಡು ಹೊಸ್ತಿಲ ಮೇಲೆ ಕೂತಳು.

“ಇಷ್ಟ ವರ್ಷ ಬೀಡಿ ಸೈಸಿದೆ. ಈ ವಯಸ್ಸಿನಾಗ ಇದೊಂದ ಬಾಕಿ ಇತ್ತೇನ್ರಿ? ಬೀಗರ ಮುಂದ ಹ್ಯಾಂಗ ಮಾರಿ ಎತ್ತೂನು?”

ಅರ್ಧ ಗಡ್ಡದಲ್ಲಿಯೇ ನಾನು ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಯಂತ್ರ, ಉಗಿ, ಲಿಂಬೆ, ಡ್ರ್ಯಾಗನ್ನು ಯಾವುದನ್ನೂ ಬಿಡಲಿಲ್ಲ. ಶಿವಲೀಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

“ಅಪ್ಪಾ, ಅದು ನಮ್ಮ ದೇಶದಾಗ ಬಂದ್ ಆಗಿ ಎಷ್ಟೋ ವರ್ಷಾತ್ರಿ. ತರೂದೂ ಗುನ್ಹೆ, ಮಾರೂದೂ ಗುನ್ಹೆ. ಮತ್ತ ಅದರಾಗೂ ತಂಬಾಕಿನ ಸತ್ವನ ಇರತೈತಿ.”

“ಸೊನ್ನಿದೂ ಐತವ್ವಾ,” ಎಂದೆ ನಾನು, ಮುಳುಗುವವನ ಧ್ವನಿಯಲ್ಲಿ.

“ಸೊನ್ನಿ ಬೇಕಂದ್ರ ಮಾಳಗಿ ಮ್ಯಾಲ ಹೋಗಿ ನಿಂದರ್ರಿ. ಬರೇ ಗಾಳಿ ಐತಿ.”

ಸರಕಾರದ ಜಾಣತನಕ್ಕೆ ತಲೆದೂಗಿದೆ. ಕಲ್ಲಂಗಡಿ ವಾಸನೆಯ ಉಗಿಯನ್ನು ದೇಶದ ಗಡಿಯಲ್ಲೇ ತಡೆದಿದ್ದಾರೆ. ಬೀಡಿ ಮಾತ್ರ ಬಸ್ ನಿಲ್ದಾಣದ ಪಾನ್ ಅಂಗಡಿಯಲ್ಲಿ, ದೇವರ ಪಟದ ಕೆಳಗೆ, ಊದುಬತ್ತಿಯ ಪಕ್ಕದಲ್ಲಿ ಮಾನವಂತನಂತೆ ಕೂತಿದೆ. ಆದರೆ ಈ ಟೀಕೆಯನ್ನು ಮಗಳ ಮುಂದೆ ಮಾಡುವ ಹಾಗಿರಲಿಲ್ಲ. ಅವಳ ಹೆಗಲ ಮೇಲಿದ್ದ ಕೂಸು ನನ್ನ ಸಾಬೂನಿನ ಮುಖವನ್ನೇ ನೋಡುತ್ತಿತ್ತು.

ಅಂದಿನಿಂದ ಹೊಸ ಕಾನೂನು. ಬೀಡಿ ಸೇದದೆ ಅರ್ಧ ದಿನ ಕಳೆದಿರಬೇಕು, ಸ್ನಾನವಾಗಿರಬೇಕು, ಒಗೆದ ಅಂಗಿ ಇರಬೇಕು. ಇಷ್ಟೂ ಆದ ಮೇಲೆ ಮಗಳು ಹತ್ತಿರ ಬಂದು ಮೂಸುತ್ತಾಳೆ. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ನೋಡುವಂತೆ ಮೊದಲು ಕೈ, ಆಮೇಲೆ ಮೀಸೆ. ಪರೀಕ್ಷಾ ಕೋಣೆಗಳಲ್ಲಿ ಊರ ಮಕ್ಕಳ ಕಿಸೆಗೆಲ್ಲ ಕೈ ಹಾಕಿ ಚೀಟಿ ಹುಡುಕಿದ ನಾನು, ಈಗ ಕೈಕಟ್ಟಿ ನಿಂತು ತಪಾಸಣೆ ಮಾಡಿಸಿಕೊಳ್ಳುತ್ತಿದ್ದೆ. ವಾರಗಟ್ಟಲೆ ದಿನವೂ ನಪಾಸು. ಒಂದು ದಿನ ಏಲಕ್ಕಿ ಜಗಿದು ಹೋಗಿ, ನಕಲು ಮಾಡಿದವನಂತೆ ಸಿಕ್ಕಿಬಿದ್ದೆ. ತಲೆನೋವು, ಸಿಡುಕು, ಚಹಾ ಲೋಟದ ಮೇಲೆ ಸಿಟ್ಟು ಎಲ್ಲವೂ ಆದವು. ಪೂರ್ತಿ ಬಿಟ್ಟೆನೆಂದು ಇಂದಿಗೂ ಹೇಳಲಾರೆ. ಈ ಸಲವೂ ಸುಳ್ಳು ಬರೆದರೆ ಯಾರಿಗೆ ಮೋಸ?

ಕೂಸಿಗೆ ಮೂರು ತಿಂಗಳು ತುಂಬಿದ ಒಂದು ಮಧ್ಯಾಹ್ನ ನಾನು ಮೊದಲ ಸಲ ಪಾಸಾದೆ. ಮಗಳು ಕೂಸನ್ನು ನನ್ನ ಎದೆಯ ಮೇಲೆ ಮಲಗಿಸಿ ಸ್ನಾನಕ್ಕೆ ಹೋದಳು. ಬೆಚ್ಚಗಿನ, ಎಣ್ಣೆ ಹಚ್ಚಿದ ಆ ಪುಟ್ಟ ತಲೆ ನನ್ನ ಗದ್ದಕ್ಕೆ ತಾಗುತ್ತಿತ್ತು. ಇಷ್ಟಕ್ಕಾಗಿ ಎಷ್ಟು ದಿನ ಕಾದೆನಲ್ಲ ಎಂದು ಸುಖವಾಯಿತು. ಕೂಸು ನಿದ್ದೆ ಹೋಯಿತು. ಆಗ ನನ್ನ ಎದೆಯ ತಳದಿಂದ, ಆ ಕೂಸು ಮಲಗಿದ್ದ ಜಾಗದ ಸರಿಯಾಗಿ ಕೆಳಗಿನಿಂದ, ಬೀಡಿಯ ಹಳೆಯ ಕೆಮ್ಮು ಏಳತೊಡಗಿತು. ಕೆಮ್ಮಿದರೆ ಕೂಸು ಬೆಚ್ಚಿಬೀಳುತ್ತದೆ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಅದನ್ನು ನುಂಗಿದೆ. ಮತ್ತೆ ಬಂತು, ಮತ್ತೆ ನುಂಗಿದೆ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು.

ಮಹಾದೇವಿ ಅಡುಗೆಮನೆಯಿಂದ ಇಣುಕಿ ನೋಡಿದವಳು ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. “ನೋಡವಾ ಶಿವಲೀಲಾ, ನಿಮ್ಮಪ್ಪಗ ಮೊಮ್ಮಗಳಂದ್ರ ಎಷ್ಟ ಜೀವ, ಅಳಾಕತ್ತಾರ!” ಎಂದು ಬಚ್ಚಲಿಗೆ ಕೇಳುವಂತೆ ಕೂಗಿದಳು.

ನಾನು ಅಲ್ಲವೆನ್ನಲಿಲ್ಲ. ಬಾಯಿ ತೆರೆದರೆ ಕೆಮ್ಮು ಹೊರಗೆ ಬರುತ್ತಿತ್ತು. ಮೇಲಾಗಿ, ಅವಳು ಹೇಳಿದ್ದರಲ್ಲಿ ಅರ್ಧ ನಿಜವೇ ಇತ್ತು.