ಉಚ್ಚಮ್ಮನ ಪಾದದ ಕೋಣೆ

ಉಚ್ಚಮ್ಮನಿಗೆ ನಲವತ್ತಾರು ವರ್ಷ. ಈ ನಲವತ್ತಾರು ವರ್ಷದಲ್ಲಿ ಒಂದು ದಿನವೂ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದವಳಲ್ಲ. ತವರು ಕೋಸಗಿ ಕಡೆಯ ಹಳ್ಳಿ. ಅಲ್ಲಿ ಏಳು ಜನಕ್ಕೆ ಒಂದೇ ಕೋಣೆ. ಮದುವೆಯಾಗಿ ಆದೋನಿಯಿಂದ ಆಲೂರಿಗೆ ಹೋಗುವ ದಾರಿಯ ಹಳ್ಳಿಗೆ ಬಂದಳು. ಗಂಡ ಕೆಂಚಣ್ಣನ ಜೊತೆ ಹನ್ನೊಂದು ವರ್ಷ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದಳು. ಅಲ್ಲಿ ಹೊಲದ ಬದುವಿನ ಮೇಲೆ ತಾಡಪತ್ರಿಯ ಗುಡಾರ. ಮಗಳು ಮಹೇಶ್ವರಿ ನಡೆಯಲು ಕಲಿತದ್ದು ಆ ಗುಡಾರದಲ್ಲೇ. ಆಮೇಲೆ ಕೆಂಚಣ್ಣನಿಗೆ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಕೆಲಸ ಸಿಕ್ಕಿತು. ಗುಂಟೂರು ತಪ್ಪಿತು. ಊರಿನ ಮನೆಯ ಪಡಸಾಲೆಯಲ್ಲಿ ಮಲಗುವುದು ತಪ್ಪಲಿಲ್ಲ.

ಅಣ್ಣತಮ್ಮಂದಿರು ಬೇರೆಯಾದಾಗ ಇಬ್ಬರು ಹಿರಿಯರು ಕೂತು ಪಾಲು ಹೇಳಿದ್ದರು. ಒಳಗಿನ ಎರಡು ಕೋಣೆ ತಮ್ಮ ಆದೆಪ್ಪನಿಗೆ. ಮುಂದಿನ ಪಡಸಾಲೆ, ಮತ್ತೆ ಮೂಡಲ ಗೋಡೆಯ ಪಕ್ಕದ ಹನ್ನೊಂದು ಅಡಿ ಅಗಲದ ಖಾಲಿ ಜಾಗ ಕೆಂಚಣ್ಣನಿಗೆ. ಕಾಗದ ಮಾಡಲಿಲ್ಲ. ಆದೆಪ್ಪನಿಗೆ ಮೂವರು ಗಂಡುಮಕ್ಕಳು. ಅವರು ಒಳಗೆ ಹೋಗುವುದೂ ಹೊರಗೆ ಬರುವುದೂ ಪಡಸಾಲೆಯಲ್ಲೇ, ಉಚ್ಚಮ್ಮನ ಹಾಸಿಗೆ ದಾಟಿಕೊಂಡು.

ಆ ಖಾಲಿ ಜಾಗದಲ್ಲಿ ಒಂದು ಕೋಣೆ ಎಬ್ಬಿಸಬೇಕು. ಕೆಂಚಣ್ಣನಿಗೆ ಊಟಕ್ಕೆ ಕೂತರೆ ಅದೇ ಮಾತು. ಪಾಯಕ್ಕೆ ಕಲ್ಲು ಎರಡು ಟ್ರಾಕ್ಟರ್. ಸಿಮೆಂಟ್ ಇಟ್ಟಿಗೆ ಆರುನೂರು. ಉಸುಕು, ಕದ, ಮೇಲೆ ತಗಡು. ಮೇಸ್ತ್ರಿ ಕೂಲಿ. ಎಲ್ಲ ಕೂಡಿ ಒಂದು ಲಕ್ಷ ಹತ್ತು ಸಾವಿರ. ಬರೆಯಲು ಬಾರದ ಉಚ್ಚಮ್ಮನಿಗೆ ಅದೆಲ್ಲ ಬಾಯಿಪಾಠ. ಎರಡು ರೊಟ್ಟಿ ಜಾಸ್ತಿ ತಿನ್ನುವಷ್ಟು ಹೊತ್ತು ಅವನ ಲೆಕ್ಕ ನಡೆಯುತ್ತಿತ್ತು. ಇವಳೂ ಸುಮ್ಮನೆ ಕೇಳುತ್ತಿದ್ದಳು.

ಒಂದು ದೀಪಾವಳಿ ಕಳೆದ ಮೇಲೆ ಆಯ ಹಾಕಿಸಿದ. ಈ ಕಡೆ ಮನೆ ಯಜಮಾನನ ಪಾದದುದ್ದಕ್ಕೆ ಒಂದು ಬಿದಿರ ಕಡ್ಡಿ ಕತ್ತರಿಸಿ, ಅದರಿಂದಲೇ ಕೋಣೆಯ ಉದ್ದ ಅಗಲ ಅಳೆಯುತ್ತಾರೆ. ಆಯ ಕೂಡದೆ ಯಾವ ಮೇಸ್ತ್ರಿಯೂ ಪಾಯ ತೆಗೆಯುವುದಿಲ್ಲ. ಊರಲ್ಲಿ ಆಯ ನೋಡುವವರು ಮರಿಬಸಪ್ಪಜ್ಜ. ಕೆಂಚಣ್ಣನ ಪಾದ ಹತ್ತೂವರೆ ಇಂಚು. ಹದಿನೈದು ಪಾದ ಉದ್ದ, ಹನ್ನೊಂದು ಪಾದ ಅಗಲ, ವೃಷಭಾಯ, ಒಳ್ಳೆಯದು ಎಂದರು ಅಜ್ಜ. ಕೆಂಚಣ್ಣ ನಾಲ್ಕು ಮೂಲೆಗೆ ಗೂಟ ಹೊಡೆದ. ಚೀಟಿಯ ದುಡ್ಡು ಕೈಗೆ ಬರಲಿ, ಕೆಲಸ ಹಿಡಿಯೋಣ ಎಂದ.

ಸಂಕ್ರಾಂತಿ ಮುಗಿದ ನಾಲ್ಕನೇ ದಿನ, ಹತ್ತಿಯ ಚೀಲ ಹೊತ್ತು ಲಾರಿಗೆ ಇಟ್ಟ ಹಲಗೆ ಏರುವಾಗ ಎದೆ ಹಿಡಿದುಕೊಂಡು ಕುಳಿತ. ಏಳಲಿಲ್ಲ. ಅವನ ಪಕ್ಕದಲ್ಲೇ ಬಿದ್ದ ಚೀಲವನ್ನು ಇನ್ನೊಬ್ಬ ಎತ್ತಿ ಹಾಕಿದನಂತೆ. ಲಾರಿ ಹೊರಡಬೇಕಿತ್ತು.

ಚೀಟಿಯ ದುಡ್ಡು ತೊಂಬತ್ತಾರು ಸಾವಿರ ಬಂತು. ಜೊತೆಯ ಹಮಾಲರು ಕೂಡಿಸಿ ಮೂವತ್ತು ಸಾವಿರ ಕೊಟ್ಟರು. ಮಣ್ಣು ಮಾಡಿದ ದಿನದಿಂದ ಹನ್ನೊಂದನೇ ದಿನದ ಊಟದ ತನಕ ಮೂವತ್ತೆರಡು ಖರ್ಚಾಯಿತು. ಉಳಿದದ್ದು ತೊಂಬತ್ನಾಲ್ಕು. ಸಾವಾದ ಮನೆಯಲ್ಲಿ ವರ್ಷ ತುಂಬದೆ ಪಾಯ ತೆಗೆಯುವಂತಿಲ್ಲ. ಉಚ್ಚಮ್ಮ ವರ್ಷವಿಡೀ ಕೂಲಿಗೆ ಹೋದಳು, ಕೂಲಿಯಲ್ಲೇ ಉಂಡಳು, ಆ ತೊಂಬತ್ನಾಲ್ಕನ್ನು ಮುಟ್ಟಲಿಲ್ಲ. ಅದೇ ವರ್ಷದಲ್ಲಿ ಆದೆಪ್ಪನ ಹೆಂಡತಿ ಉರುಕುಂದಮ್ಮ ಪಡಸಾಲೆಗೆ ಮೊದಲು ಕಡಲೆಕಾಯಿ ಚೀಲ ತಂದಿಟ್ಟಳು, ಆಮೇಲೆ ಮಗನ ಬೈಕು ನಿಲ್ಲಿಸಿದಳು. ಉಚ್ಚಮ್ಮನ ಹಾಸಿಗೆ ಸರಿದು ಸರಿದು ಮೆಟ್ಟಿಲ ಹತ್ತಿರ ಬಂತು. ಗಂಡ ಇದ್ದಾಗ ಇಬ್ಬರಿಗೆ ಸಿಗುತ್ತಿದ್ದ ಜಾಗ ಈಗ ಒಬ್ಬಳಿಗೂ ಇಲ್ಲ.

ವರ್ಷ ತುಂಬಿತು. ಮೇಸ್ತ್ರಿ ಸೂರಿಯನ್ನು ಕರೆದಳು. ಅವನು ಗೂಟ ನೋಡಿದ, ಟೇಪು ಹಿಡಿದ, ಸಿಮೆಂಟ್ ರೇಟು ಏರಿದೆ ಎಂದ. ಒಂದು ಲಕ್ಷ ಹದಿನೆಂಟು ಸಾವಿರ ಆಗುತ್ತದೆ ಎಂದ. ಇಪ್ಪತ್ನಾಲ್ಕು ಸಾವಿರ ಕಡಿಮೆ ಬಿತ್ತು. ಅದು ಸಾಲದು ಎಂಬಂತೆ ಮರಿಬಸಪ್ಪಜ್ಜ ಬಂದು, ಸತ್ತವನ ಪಾದಕ್ಕೆ ಪಾಯ ತೆಗೆಯಬಾರದು, ಈಗಿನ ಯಜಮಾನನ ಪಾದಕ್ಕೆ ಹೊಸದಾಗಿ ಅಳೆಯಬೇಕು ಎಂದರು.

ಆದೆಪ್ಪ ಅಲ್ಲೇ ನಿಂತಿದ್ದ. ಚಪ್ಪಲಿ ಆಗಲೇ ಬಿಟ್ಟಿದ್ದ.

“ಅತ್ತಿಗೆಮ್ಮ, ಕಡಿಮಿ ಬಿದ್ದ ಇಪ್ಪತ್ನಾಲ್ಕು ನಾ ಹಾಕ್ತೀನಿ. ಪಾದನೂ ನಂದೇ ಇರಲಿ. ಮನ್ಯಾಗ ಗಂಡಸು ಅಂತ ಇರಾವ ನಾನೊಬ್ಬನೇ ಅಲ್ಲಾ?”

ಉಚ್ಚಮ್ಮನಿಗೆ ತಿಳಿಯಿತು. ಆದೆಪ್ಪನ ಪಾದಕ್ಕೆ ಎದ್ದ ಕೋಣೆಯನ್ನು ಊರು ಆದೆಪ್ಪನ ಕೋಣೆ ಎನ್ನುತ್ತದೆ. ಬರುವ ಬೇಸಿಗೆಗೆ ಅವನ ಹಿರಿಮಗನ ಮದುವೆ. ಹೊಸ ಸೊಸೆಗೆ ಕೋಣೆ ಬೇಕಾಗುತ್ತದೆ. ಕೆಂಚಣ್ಣನ ಚೀಟಿ ದುಡ್ಡು ಗೋಡೆಯಾಗಿರುತ್ತದೆ, ತಾನು ಮೆಟ್ಟಿಲ ಹತ್ತಿರವೇ ಇರುತ್ತೇನೆ.

“ನಿನ್ನ ರೊಕ್ಕ ಬ್ಯಾಡ, ನಿನ್ನ ಪಾದನೂ ಬ್ಯಾಡ” ಎಂದಳು. ಅಜ್ಜನ ಕಡೆ ತಿರುಗಿದಳು. “ನನ್ನ ಪಾದ ಅಳೀರಿ ಅಜ್ಜಾರ.”

ಬಾಗಿಲಲ್ಲಿ ನಿಂತ ಉರುಕುಂದಮ್ಮ ನಕ್ಕಳು. “ಹೆಣ್ಣಿನ ಪಾದಕ್ಕ ಕಟ್ಟಿದ್ರ ಕೋಣಿ ಆಗಲ್ಲಕ್ಕ, ಕೋಳಿಗೂಡು ಆಗ್ತೈತಿ.”

ಸೂರಿಯೂ ನಕ್ಕ. ಅಜ್ಜ ನಗಲಿಲ್ಲ. ತಮ್ಮ ಅಪ್ಪನ ಕಾಲದಿಂದ ಯಜಮಾನನ ಪಾದವನ್ನೇ ಅಳೆದುಕೊಂಡು ಬಂದಿದ್ದೇವೆ, ಹೆಂಗಸಿನ ಪಾದ ಯಾರೂ ಅಳೆಸಿಲ್ಲ ಎಂದರು.

“ರೇಷನ್ ಕಾರ್ಡಿಗೆ ನನ್ನ ಹೆಬ್ಬೆಟ್ಟು ತಗಂತಾರ. ಬ್ಯಾಂಕಿನಾಗೂ ತಗಂತಾರ. ಗಂಡನ ಹೆಣ ಕೊಡಾಕ ದವಾಖಾನ್ಯಾಗೂ ನನ್ನ ಹೆಬ್ಬೆಟ್ಟೇ ತಗಂಡ್ರು. ಕೈ ಆಗ್ತೈತಿ, ಕಾಲು ಆಗಲ್ಲೇನ್ರಿ?”

ಅಜ್ಜ ಒಂದು ಹೊಸ ಬಿದಿರು ಕೈಗೆತ್ತಿಕೊಂಡರು. ಕಾಲು ತೊಳೆದುಕೊಂಡು ಬಾ ಎಂದರು.

ಉಚ್ಚಮ್ಮನ ಪಾದ ಎಂಟು ಮುಕ್ಕಾಲು ಇಂಚು ಬಂತು. ಅಷ್ಟುದ್ದ ಕಡ್ಡಿ ಕತ್ತರಿಸಿದರು. ಹದಿನೇಳು ಪಾದ ಉದ್ದ, ಹದಿಮೂರು ಪಾದ ಅಗಲ ಮಾಡಿದರೂ ವೃಷಭಾಯವೇ ಬರುತ್ತದೆ ಎಂದರು. ಸೂರಿ ಟೇಪು ಎಳೆದು ನೋಡಿದ. ಅಷ್ಟಾದರೆ ಹೆಚ್ಚುಕಡಿಮೆ ಕೆಂಚಣ್ಣನ ಕೋಣೆಯೇ. ಖರ್ಚೂ ಅಷ್ಟೇ. ಮತ್ತೆ ಅದೇ ಇಪ್ಪತ್ನಾಲ್ಕು ಸಾವಿರ. ಆದೆಪ್ಪ ಇನ್ನೂ ಚಪ್ಪಲಿ ಮೆಟ್ಟಿರಲಿಲ್ಲ.

“ಹದಿನೈದು, ಹನ್ನೊಂದು ಸಾಕು” ಎಂದಳು ಉಚ್ಚಮ್ಮ.

ಸೂರಿ ಲೆಕ್ಕ ಹಾಕಿದ. ಹನ್ನೊಂದಡಿ ಉದ್ದ, ಎಂಟಡಿ ಅಗಲ. ಇಟ್ಟಿಗೆ ಕಡಿಮೆ, ತಗಡು ಕಡಿಮೆ, ಕೂಲಿ ಕಡಿಮೆ. ತೊಂಬತ್ತೇಳು ಸಾವಿರ. ಒಂದು ಕಿಟಕಿ ಕೈಬಿಡಿಸಿದಳು. ಹೊರಗಿನ ಗಿಲಾವು ಕೈಬಿಡಿಸಿದಳು. ತೊಂಬತ್ಮೂರಕ್ಕೆ ಬಂತು. ಕದದ ಮರವನ್ನೂ ಹಗುರದ್ದು ಹಾಕಲಾ ಎಂದು ಸೂರಿ ಕೇಳಿದ. ಕದಕ್ಕೆ ಕೈ ಹಚ್ಚಬೇಡ ಎಂದಳು.

ಗೂಟಗಳನ್ನು ಅವಳೇ ಕಿತ್ತಳು. ಮೂರು ಬಂದವು. ನಾಲ್ಕನೆಯದು ಅಲುಗಲಿಲ್ಲ. ಚೀಲ ಹೊರುವವನ ಕೈ ಹೊಡೆದ ಗೂಟ. ಸೂರಿ ಕೊಡಲಿ ತಂದು ನೆಲದ ಸಮಕ್ಕೆ ಕಡಿದು ಹಾಕಿದ. ಉಚ್ಚಮ್ಮ ಆ ಹೊತ್ತು ನೀರು ತರಲು ಹೋದಳು.

ಹತ್ತೊಂಬತ್ತು ದಿನಕ್ಕೆ ಕೋಣೆ ಎದ್ದಿತು. ಗೋಡೆಯಾಚೆ ಎರಡೂವರೆ ಅಡಿ ಜಾಗ ಉಳಿದಿತ್ತು. ತಗಡು ಹೊದಿಸಿದ ಮಾರನೇ ದಿನವೇ ಆದೆಪ್ಪ ಅಲ್ಲಿ ಕಾಲುವೆ ತೋಡಿ ತನ್ನ ಬಚ್ಚಲ ನೀರು ಬಿಟ್ಟ. ಉಚ್ಚಮ್ಮ ಕೇಳಿದಳು. ಅವನು ಮಾತು ಮೊದಲೇ ಕೂಡಿಸಿಟ್ಟಿದ್ದ.

“ನಿನ್ನ ಪಾದ ಮುಟ್ಟಿದಷ್ಟು ನಿಂದು ಅತ್ತಿಗೆಮ್ಮ. ಉಳಿದದ್ದು ನಾಯಿ ಪಾಲು ಮಾಡಬೇಕೇನು?”

ಪಾಲು ಹೇಳಿದ ಹಿರಿಯರಲ್ಲಿ ಒಬ್ಬರು ತೀರಿಹೋಗಿದ್ದರು. ಇನ್ನೊಬ್ಬರ ಮನೆಗೆ ಹೋದಳು. ಎರಡಡಿಗೆ ಏನು ಬಂತವ್ವ, ಅಣ್ಣತಮ್ಮರ ನಡುವೆ ಹೊಂದಿಕೊಂಡು ಹೋಗು ಎಂದರು. ಅಣ್ಣ ಎಲ್ಲಿದ್ದಾನೆ ಎಂದು ಅವಳು ಕೇಳಲಿಲ್ಲ. ಎದ್ದು ಬಂದಳು.

ಹಾಲು ಉಕ್ಕಿಸುವ ದಿನ ಮಗಳು ಮಹೇಶ್ವರಿ ಎಮ್ಮಿಗನೂರಿನಿಂದ ಎರಡು ಮಕ್ಕಳನ್ನು ಕರೆದುಕೊಂಡು ಬಂದಳು. ಅವಳ ಗಂಡ ನೇಕಾರ. ಅವರ ಮನೆಯಲ್ಲಿ ಮಗ್ಗಕ್ಕೇ ಜಾಗ, ಮನುಷ್ಯರಿಗಿಲ್ಲ. ತವರಲ್ಲಿ ಕೋಣೆಯಾದರೆ ನಾಲ್ಕು ದಿನ ಬಂದು ಇರುತ್ತೇನೆ ಎಂದು ಅಪ್ಪನಿಗೆ ಹೇಳಿದ್ದಳು. ಕೋಣೆಯಲ್ಲಿ ಒಲೆ, ಪೆಟ್ಟಿಗೆ, ಜೋಳದ ಚೀಲ, ಒಂದು ಮಂಚ. ಮಕ್ಕಳು ಮಂಚದ ಮೇಲೆ, ಮಹೇಶ್ವರಿ ಕೆಳಗೆ ಮಲಗಿದರು. ಉಚ್ಚಮ್ಮನಿಗೆ ಕಾಲು ಚಾಚಲು ಆಗಲಿಲ್ಲ. ಗೋಡೆಗೆ ಒರಗಿ ಕೂತಳು.

“ಅಪ್ಪ ಅಳೆದಷ್ಟು ಕಟ್ಟಿದ್ರ ಎಲ್ಲರೂ ಮಲಗ್ತಿದ್ವಿ ಕಣವ್ವ” ಎಂದಳು ಮಹೇಶ್ವರಿ.

“ಅಪ್ಪನ ಅಳತಿಗೆ ಅಪ್ಪನ ದುಡಿಮಿ ಬೇಕಿತ್ತು.”

ಮಗಳು ಅತ್ತಳು. ಉಚ್ಚಮ್ಮ ಅಳಲಿಲ್ಲ. ಮಾರನೇ ದಿನ ಮೊದಲ ಬಸ್ಸಿಗೆ ಮಗಳು, ಮೊಮ್ಮಕ್ಕಳು ಹೋದರು. ಇನ್ನೆರಡು ದಿನ ಇರು ಎಂದು ಇವಳು ಹೇಳಲಿಲ್ಲ, ಇರುತ್ತೇನೆ ಎಂದು ಅವಳೂ ಹೇಳಲಿಲ್ಲ.

ಬಸ್ಸು ಹತ್ತಿಸಿ ಬಂದು ಉಚ್ಚಮ್ಮ ಕದ ಮುಚ್ಚಿದಳು. ಚಿಲಕ ಹಾಕಿದಳು. ಮಂಚದ ಮೇಲೆ ಕಾಲು ಚಾಚಿದಳು. ಯಾರೂ ದಾಟಲಿಲ್ಲ. ಗೋಡೆಯಾಚೆ ಆದೆಪ್ಪನ ಮನೆಯವರು ಒಬ್ಬೊಬ್ಬರಾಗಿ ಸ್ನಾನ ಮಾಡುತ್ತಿದ್ದರು. ನೀರು ಗೋಡೆಗುಂಟ ಹರಿಯುವುದು ಕೇಳಿಸುತ್ತಿತ್ತು. ಕೈ ಇಟ್ಟು ನೋಡಿದಳು. ಕೆಳಗಿನ ಎರಡು ಸಾಲು ಇಟ್ಟಿಗೆ ಆಗಲೇ ಹಸಿಯಾಗಿ ತಣ್ಣಗಿದ್ದವು. ಆ ಗೋಡೆಯೊಂದಕ್ಕೆ ಹೊರಗೆ ಗಿಲಾವು ಮಾಡಲು ಎರಡು ಸಾವಿರ ಎಂದಿದ್ದ ಸೂರಿ. ಕೈಯಲ್ಲಿ ಒಂದು ಸಾವಿರವೂ ಉಳಿದಿರಲಿಲ್ಲ. ಮಳೆಗಾಲಕ್ಕೆ ಮೂರು ತಿಂಗಳಿತ್ತು. ದಿನಕ್ಕೆ ಇಷ್ಟು ಕೂಲಿ, ಊಟಕ್ಕೆ ಇಷ್ಟು, ಉಳಿಯುವುದು ಎಷ್ಟು ಎಂದು ಮಲಗಿದಲ್ಲೇ ಕೂಡಿಸತೊಡಗಿದಳು.